ಕೂತು ನೋಡಿ, ಕೇಳಿ, ಆಮೇಲೆ ಬರೆಯಿರಿ: ಮಕ್ಕಳಿಗೆ ಪ್ರಕೃತಿಯ ಕತೆ ಬರೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಒಮ್ಮೆ ಗ್ರಂಥಾಲಯವೊಂದರಲ್ಲಿ ಮಕ್ಕಳಿಗೆ ನನ್ನ ಕತೆ ಓದುತ್ತಿದ್ದೆ. ಜೇನ್ನೊಣದ ಕತೆ. ನನ್ನ ಹೀರೋ ಹೂವಿಂದ ಹೂವಿಗೆ ಹಾರುತ್ತಾನೆ, ಮಕರಂದ ಹೀರುತ್ತಾನೆ, ಗೂಡಿಗೆ ಮರಳುವಾಗ ದಾರಿ ತಪ್ಪುತ್ತಾನೆ. ಎರಡನೇ ಪುಟಕ್ಕೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಏಳು ವರ್ಷ ಇರಬಹುದು. "ಮಕರಂದ ತರೋದು ಹೆಣ್ಣು ಜೇನು ಮಾತ್ರ. ನಮ್ಮ ತಾತ ಜೇನು ಸಾಕ್ತಾರೆ" ಅಂದಳು. ಕತೆ ಅಲ್ಲಿಗೇ ನಿಂತಿತು. ಉಳಿದ ಮಕ್ಕಳಿಗೆ ಈಗ ನನಗಿಂತ ಅವಳ ಮೇಲೇ ನಂಬಿಕೆ ಜಾಸ್ತಿ.

ನಾನು ಜೇನ್ನೊಣವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಬೇರೆಯವರ ಕತೆಗಳಲ್ಲಿ ಬರುವ ಜೇನ್ನೊಣವನ್ನಷ್ಟೇ ಬಲ್ಲೆ. ಗೊತ್ತಿದ್ದವರು ಎಂಟು ಅಡಿ ದೂರದಲ್ಲೇ ಕೂತಿದ್ದರೂ ನಾನು ಕೇಳಿರಲಿಲ್ಲ. ಈ ಬರಹದಲ್ಲಿ ಇರುವುದು ಆ ಎರಡು ಕೆಲಸಗಳೇ. ಹೊರಗೆ ಹೋಗಿ ನೋಡುವುದು, ಸುತ್ತಲಿನ ಜನರನ್ನು ಕೇಳುವುದು. ಬರೆಯುವುದು ಇವೆರಡರ ನಡುವೆ ಎಲ್ಲೋ ಆಗುತ್ತದೆ.

1. ಒಂದು ಜಾಗ ಹಿಡಿಯಿರಿ

ಕಾಡಿಗೆ ಹೋಗಬೇಕಾಗಿಲ್ಲ. ಹತ್ತು ನಿಮಿಷದಲ್ಲಿ ನಡೆದು ತಲುಪಬಹುದಾದ ಒಂದು ಜಾಗ ಸಾಕು. ಒಂದು ಮರದ ಬುಡ, ಬಿರುಕು ಬಿಟ್ಟ ಗೋಡೆ, ಕೊಳದ ಅಂಚು, ಟೆರೇಸಿನ ಮೇಲಿನ ನಾಲ್ಕು ಕುಂಡ. ದೂರದ ಚೆಂದದ ಜಾಗಕ್ಕೆ ವರ್ಷಕ್ಕೊಮ್ಮೆ ಹೋಗುತ್ತೀರಿ. ಹತ್ತಿರದ ಜಾಗಕ್ಕಾದರೆ ವಾರಕ್ಕೆ ಮೂರು ಸಲ ಹೋಗುತ್ತೀರಿ. ಅದೇ ಜಾಗವನ್ನು ಮತ್ತೆ ಮತ್ತೆ ನೋಡಿದಾಗಲೇ ಬದಲಾವಣೆ ಕಣ್ಣಿಗೆ ಬೀಳುವುದು, ಅಲ್ವಾ? ನಿನ್ನೆ ಇದ್ದ ಜೇಡದ ಬಲೆ ಇವತ್ತು ಯಾಕಿಲ್ಲ ಎಂಬ ಪ್ರಶ್ನೆ ನಿನ್ನೆ ಅಲ್ಲಿ ಕೂತವರಿಗೆ ಮಾತ್ರ ಹುಟ್ಟುತ್ತದೆ.

ಕನಿಷ್ಠ 20 ನಿಮಿಷ ಕೂರಿ. ನೀವು ಬಂದಾಗ ಹಕ್ಕಿಗಳು ಸುಮ್ಮನಾಗುತ್ತವೆ, ಅಳಿಲು ಮರದ ಆಚೆ ಬದಿಗೆ ಸರಿಯುತ್ತದೆ. ಹತ್ತು ಹದಿನೈದು ನಿಮಿಷ ಅಲ್ಲಾಡದೆ ಕೂತರೆ ಸಾಮಾನ್ಯವಾಗಿ ಒಂದೊಂದಾಗಿ ತಮ್ಮ ಕೆಲಸಕ್ಕೆ ಮರಳುತ್ತವೆ. ಐದೇ ನಿಮಿಷಕ್ಕೆ ಎದ್ದು ಬರುವವರಿಗೆ ಸಿಗುವುದು ತಮ್ಮಿಂದ ಹೆದರಿದ ಪ್ರಕೃತಿ ಮಾತ್ರ.

ಬೆಂಚಿನ ಮೇಲಲ್ಲ, ನೆಲದ ಮೇಲೆ ಕೂರಿ. ಐದು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ನಾವು ಮೇಲಿಂದ ನೋಡುವ ಹುಲ್ಲನ್ನು ಅದು ಹೆಚ್ಚುಕಡಿಮೆ ಎದುರಿಂದ ನೋಡುತ್ತದೆ. ಕೆಳಗೆ ಕೂತ ಮೊದಲ ದಿನವೇ ಎಲೆಗಳ ಅಡಿಭಾಗ ನನಗೆ ಕಂಡಿತು. ಹುಳಗಳು ಬಹುಪಾಲು ಅಲ್ಲೇ ಇರುತ್ತವೆ.

ಒಂದಿಷ್ಟು ಶಿಸ್ತು ಬೇಕು. ಕಲ್ಲು ಎತ್ತಿ ನೋಡಿದರೆ ಹಾಗೇ ಮೆಲ್ಲಗೆ ಮೊದಲಿನಂತೆ ಇಟ್ಟುಬಿಡಿ. ಅದರ ಅಡಿಯ ತೇವ, ಕತ್ತಲೆ ಯಾರದೋ ಮನೆ. ಗೂಡು, ಮೊಟ್ಟೆ ಮುಟ್ಟಬೇಡಿ. ಗೂಡಿನ ಜಾಗವನ್ನು ಊರಿಗೆಲ್ಲ ಹೇಳಲೂ ಬೇಡಿ. ಕೈ ಹಾಕುವ ಮುನ್ನ ಕಣ್ಣು ಹಾಕಿ. ಸಂದಿಗೊಂದಿಗಳಲ್ಲಿ ಹಾವು, ಚೇಳು ಇರಬಹುದು. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ.

2. ನೋಟ್‌ಬುಕ್ ಹೇಗೆ ಬರೆಯಬೇಕು

ಪೆನ್ಸಿಲ್ ಒಳ್ಳೆಯದು. ಹನಿ ಬಿದ್ದರೆ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಪ್ರತಿ ಪುಟದ ಮೇಲೆ ದಿನಾಂಕ, ಸಮಯ, ಬಿಸಿಲೋ ಮೋಡವೋ ಗಾಳಿಯೋ ಎಂದು ಬರೆಯಿರಿ. ಕೆಳಗೆ ಪುಟವನ್ನು ಮೂರು ಭಾಗ ಮಾಡಿ: ಕಂಡದ್ದು, ಅನ್ನಿಸಿದ್ದು, ಕೇಳಬೇಕಾದದ್ದು.

ಮೊದಲ ಎರಡನ್ನು ಬೇರೆ ಇಡುವುದು ಅನಿಸುವಷ್ಟು ಸುಲಭವಲ್ಲ. "ಕಾಗೆ ಸಿಟ್ಟಿನಿಂದ ಕೂಗಿತು" ಎಂಬುದು ಅನ್ನಿಸಿದ್ದು. "ಬೆಕ್ಕು ಗೋಡೆ ಹತ್ತಿದಾಗ ಕಾಗೆ ಆರು ಸಲ ಕೂಗಿತು, ಬೆಕ್ಕು ಇಳಿದ ಮೇಲೆ ನಿಲ್ಲಿಸಿತು" ಎಂಬುದು ಕಂಡದ್ದು. ಕತೆಗೆ ಎರಡನೆಯದೇ ಹೆಚ್ಚು ಉಪಯೋಗ. ಅದರಲ್ಲಿ ಆಗಲೇ ಒಂದು ಘಟನೆ ಇದೆ, ಇಬ್ಬರು ಪಾತ್ರಧಾರಿಗಳಿದ್ದಾರೆ. ಸಿಟ್ಟು ಮಗುವಿಗೆ ತಾನೇ ಹೊಳೆಯುತ್ತದೆ.

ಚಿತ್ರ ಬಿಡಿಸಿ. ಎಷ್ಟು ಕೆಟ್ಟದಾಗಿದ್ದರೂ ಪರವಾಗಿಲ್ಲ, ಯಾರಿಗೂ ತೋರಿಸಬೇಕಾಗಿಲ್ಲ. ಬಿಡಿಸಲು ಕೂತಾಗಲೇ ಕಾಲುಗಳನ್ನು ಎಣಿಸುತ್ತೇವೆ. ಫೋಟೋ ತೆಗೆದರೆ ಎಣಿಸುವುದನ್ನು ಕ್ಯಾಮೆರಾಕ್ಕೆ ಬಿಟ್ಟುಬಿಡುತ್ತೇವೆ. ಇನ್ನೊಂದು ಆಟ ಶಬ್ದದ ನಕ್ಷೆ. ಪುಟದ ನಡುವೆ ಒಂದು ಚುಕ್ಕಿ ಇಡಿ, ಅದು ನೀವು. ಕಣ್ಣು ಮುಚ್ಚಿ, ಯಾವ ಕಡೆಯಿಂದ ಏನು ಕೇಳಿಸಿತೋ ಆ ಕಡೆ ಗುರುತು ಹಾಕಿ. ಹತ್ತಿರದ್ದು ಹತ್ತಿರ, ದೂರದ್ದು ದೂರ.

ಶಬ್ದದ ಮಾತು ಬಂದಾಗ ಕನ್ನಡದ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ನಮ್ಮ ಭಾಷೆಯಲ್ಲಿ ಅನುಕರಣೆಯ ಪದಗಳಿಗೆ ಬರವೇ ಇಲ್ಲ. ಪಟಪಟ, ಸರಸರ, ತಪತಪ, ರಪರಪ, ಗಿರಗಿರ, ಮಿಣಮಿಣ, ಪಿಳಿಪಿಳಿ, ದಡಬಡ. ಮಕ್ಕಳು ಇವನ್ನು ಬಾಯಲ್ಲಿ ಚಪ್ಪರಿಸುತ್ತಾರೆ. ಇಷ್ಟಿದ್ದೂ ಹಕ್ಕಿ ಬಂದ ಕೂಡಲೇ ನಮ್ಮ ಕೈ 'ಚಿಲಿಪಿಲಿ' ಎಂದು ಬರೆದುಬಿಡುತ್ತದೆ, ನೀರು ಬಂದರೆ 'ಜುಳುಜುಳು'. ಒಂದು ತಿಂಗಳು ಈ ಎರಡು ಪದಗಳನ್ನು ನಿಮಗೆ ನೀವೇ ನಿಷೇಧಿಸಿಕೊಳ್ಳಿ. ನಿಜವಾಗಿ ಕಿವಿಗೆ ಬಿದ್ದ ಸದ್ದನ್ನು ಅಕ್ಷರದಲ್ಲಿ ಹಿಡಿಯಲು ನೋಡಿ. ಒಂದು ಬೆಳಗ್ಗೆ ಪೈಪಿನಿಂದ ಹನಿ ಬೀಳುವುದನ್ನು ಕೇಳಿ ನಾನು ಬರೆದದ್ದು: "ಟಿಣ್. ಟಿಣ್. ಟಿ... ಣ್." ಆ ಕೊನೆಯ ತಡ ಯಾಕೆ ಎಂದು ನೋಡಹೋದರೆ ಪೈಪಿನ ಬಾಯಲ್ಲಿ ಇರುವೆಯೊಂದು ನೀರು ಕುಡಿಯುತ್ತಿತ್ತು.

3. ಅದೋ, ಅವನೋ, ಅವಳೋ?

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮಲ್ಲಿ ಇರುವೆಯೂ 'ಅದು', ಆನೆಯೂ 'ಅದು'. ಮಾತಿನಲ್ಲಿ ಇದು ಆರಾಮ. ಅದಕ್ಕೊಂದು ಹೆಸರಿಟ್ಟು ಪಾತ್ರ ಮಾಡಿದ ಗಳಿಗೆ ಕ್ರಿಯಾಪದವೇ ಕೇಳುತ್ತದೆ, ಬಂದನೋ ಬಂದಳೋ? ಯೋಚಿಸದೆ ಬರೆದರೆ ಹತ್ತಕ್ಕೆ ಒಂಬತ್ತು ಸಲ ನಮ್ಮ ಕೈಯಿಂದ 'ಬಂದನು' ಹೊರಬೀಳುತ್ತದೆ.

ಪ್ರಕೃತಿ ಹಾಗೆ ಹಂಚಿಲ್ಲ. ಆಹಾರ ಹೊರುವ ಇರುವೆಗಳೆಲ್ಲ ಹೆಣ್ಣು. ಮಕರಂದ ತರುವ ಜೇನೂ ಹೆಣ್ಣು. ನಮ್ಮ ರಕ್ತ ಹೀರುವ ಸೊಳ್ಳೆಯೂ ಹೆಣ್ಣೇ. ಗಂಡು ಸೊಳ್ಳೆ ಹೂವಿನ ಮಕರಂದ, ಗಿಡದ ರಸದಲ್ಲೇ ಬದುಕುತ್ತದೆ. ರಾತ್ರಿ ಕಿರ್ರೆನ್ನುವ ಜೀರುಂಡೆ ಗಂಡು. ಕುಹೂ ಎಂದು ಹಾಡುವ ಕೋಗಿಲೆಯೂ ಗಂಡು, ಕಡುಕಪ್ಪು ಬಣ್ಣದ್ದು. ಹೆಣ್ಣು ಕೋಗಿಲೆ ಕಂದು ಮೈಯ ಚುಕ್ಕೆಚುಕ್ಕೆ ಹಕ್ಕಿ. ಚೆನ್ನಾಗಿ ಹಾಡುವ ಹೆಂಗಸನ್ನು ಕೋಗಿಲೆ ಎಂದು ಕರೆಯುವ ಅಭ್ಯಾಸವನ್ನು ಬಿಡಿ ಅನ್ನುತ್ತಿಲ್ಲ, ಮಕ್ಕಳ ಕತೆಯಲ್ಲಿ ಹುಷಾರಾಗಿರಿ ಅನ್ನುತ್ತಿದ್ದೇನೆ ಅಷ್ಟೇ. ಕಡಲಕುದುರೆಯಲ್ಲಿ ಮರಿಗಳನ್ನು ಚೀಲದಲ್ಲಿ ಹೊತ್ತು ಹೆರುವುದು ಅಪ್ಪ. ಇದನ್ನು ಕೇಳಿದ ಮಕ್ಕಳ ಮುಖ ನೋಡಬೇಕು!

'ಅದು' ಎಂದೇ ಇಡೀ ಕತೆ ಬರೆಯುವ ದಾರಿಯೂ ಇದೆ. ಬಸವನಹುಳುವಿನ ಕತೆಗೆ ನಾನು ಅದನ್ನೇ ಆರಿಸಿದೆ. ಬಹುತೇಕ ನೆಲದ ಬಸವನಹುಳುಗಳಲ್ಲಿ ಒಂದೇ ಜೀವಿ ಗಂಡೂ ಹೌದು, ಹೆಣ್ಣೂ ಹೌದು.

4. ಕಂಡದ್ದರಿಂದ ಕತೆಗೆ

ನೋಟ್‌ಬುಕ್ಕಿನ ಮೂರನೇ ಭಾಗ ತೆರೆಯಿರಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳಲ್ಲಿ ನಿಮ್ಮನ್ನು ರಾತ್ರಿಯೂ ಕಾಡಿದ್ದು ಯಾವುದೋ ಅದನ್ನು ಎತ್ತಿಕೊಳ್ಳಿ. ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ತೋರಿಸುತ್ತೇನೆ.

ಕಂಡದ್ದು: ಇರುವೆ ಸಾಲಿಗೆ ಅಡ್ಡವಾಗಿ ಒದ್ದೆ ಬೆರಳು ಎಳೆದೆ. ಇರುವೆಗಳು ಆ ಗೆರೆಯ ಬಳಿ ನಿಂತವು, ಹಿಂದೆ ತಿರುಗಿದವು, ಮೀಸೆ ಆಡಿಸಿದವು. ಸ್ವಲ್ಪ ಹೊತ್ತಿಗೆ ಒಂದು ದಾಟಿತು, ಇನ್ನೊಂದು ದಾಟಿತು, ಸಾಲು ಮತ್ತೆ ಕೂಡಿತು. ಕಾರಣ, ಇರುವೆಗಳು ನೆಲದ ಮೇಲೆ ವಾಸನೆಯ ಗೆರೆ ಬಿಡುತ್ತ ಹೋಗುತ್ತವೆ, ಹಿಂದಿನವು ಅದನ್ನೇ ಹಿಡಿದು ಬರುತ್ತವೆ. ಪ್ರಶ್ನೆ: ಹಾಗಾದರೆ ಮಳೆ ಬಂದರೆ?

ಇಲ್ಲಿಂದ ನಾನು ಬರೆದ ಮೊದಲ ಕರಡು ಹೀಗಿತ್ತು: "ಅದೊಂದು ಸುಂದರವಾದ ತೋಟ. ಅಲ್ಲಿ ಬಣ್ಣಬಣ್ಣದ ಹೂಗಳು ಅರಳಿದ್ದವು. ಆ ತೋಟದಲ್ಲಿ ಚುಕ್ಕಿ ಎಂಬ ಪುಟ್ಟ ಇರುವೆ ವಾಸವಾಗಿತ್ತು." ಈ ತೋಟವನ್ನು ನಾನು ನೋಡಿಲ್ಲ, ನೀವೂ ನೋಡಿಲ್ಲ. ಎಲ್ಲ ಕತೆಗಳ ಮೊದಲ ಪುಟದಲ್ಲೂ ಇರುವ ಸಿದ್ಧ ತೋಟ ಅದು.

ನಾಲ್ಕನೇ ಕರಡು: "ಮಳೆ ನಿಂತಿತು. ಚುಕ್ಕಿ ಹೊರಗೆ ಬಂದಳು. ಮೂಸಿದಳು. ದಾರಿ ಇಲ್ಲ. ಬೆಳಗ್ಗೆ ಇತ್ತು. ಈಗ ಇಲ್ಲ."

ತೋಟ ಹೋಯಿತು, ತೊಂದರೆ ಬಂತು. ಪಾತ್ರಕ್ಕೆ ಏನು ಬೇಕು? ಮನೆಗೆ ಹೋಗಬೇಕು. ಅಡ್ಡ ಬಂದದ್ದು ಏನು? ತೊಳೆದುಹೋದ ವಾಸನೆ. ಅವಳು ಮೂರು ಸಲ ಪ್ರಯತ್ನಿಸುತ್ತಾಳೆ. ಮೊದಲು ಯಾವುದೋ ಘಮ ಹಿಡಿದು ಹೋಗಿ ಕೊಳೆತ ಹಣ್ಣಿನ ಹತ್ತಿರ ತಲುಪುತ್ತಾಳೆ. ಆಮೇಲೆ ಬಸವನಹುಳು ಸಿಗುತ್ತದೆ. "ದಾರಿ ಬೇಕಾ? ನಂದು ತಗೋ, ಹೊಳೆಯುತ್ತೆ ನೋಡು" ಎನ್ನುತ್ತದೆ. ಆ ಲೋಳೆಗೆ ಚುಕ್ಕಿಯ ಕಾಲು ಅಂಟಿಕೊಳ್ಳುತ್ತದೆ. ಕೊನೆಗೆ ತನ್ನ ಗೂಡಿನವಳೇ ಸಿಗುತ್ತಾಳೆ. ಇಬ್ಬರೂ ಮೀಸೆ ತಾಗಿಸಿ ಗುರುತು ಹಿಡಿಯುತ್ತಾರೆ. ಇದರಲ್ಲಿ ಇರುವೆ ಮಾಡದ ಕೆಲಸ ಮಾತಾಡುವುದೊಂದೇ.

ಪ್ರಾಣಿಗೆ ಎಷ್ಟು ಮನುಷ್ಯತನ ಕೊಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಮಾತೂ ಇಲ್ಲ, ಬಟ್ಟೆಯೂ ಇಲ್ಲ ಎಂಬುದು ಒಂದು ತುದಿ. ಚಪ್ಪಲಿ ಹಾಕಿ ಶಾಲೆಗೆ ಹೋಗುವ ಕರಡಿ ಇನ್ನೊಂದು ತುದಿ. ಎರಡರಿಂದಲೂ ಒಳ್ಳೆಯ ಕತೆ ಬರಬಹುದು. ಕೆಡುವುದು ನಡುವೆ ನಿಯಮ ಬದಲಾಯಿಸಿದಾಗ. ಮಾತು ಬಿಟ್ಟರೆ ಉಳಿದೆಲ್ಲ ನಿಜ ಎಂಬುದು ನನ್ನ ಆಯ್ಕೆ.

ಇನ್ನು ದೃಷ್ಟಿಕೋನ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಪ್ರಾಣಿಯ ಕಣ್ಣಿಂದ ಬರೆಯುತ್ತೇನೆ ಎಂದು ಹೊರಟು ನಾವು ಬರೆಯುವುದು ಸಾಮಾನ್ಯವಾಗಿ ನಾಲ್ಕು ಕಾಲಿನ ಮನುಷ್ಯನ ಕಣ್ಣಿಂದ. ಜೇನ್ನೊಣಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಆದರೆ ನಮಗೆ ಕಾಣದ ಅತಿನೇರಳೆ ಬಣ್ಣ ಅದಕ್ಕೆ ಕಾಣುತ್ತದೆ. ನಮಗೆ ಬರೀ ಹಳದಿಯಾಗಿ ಕಾಣುವ ಹೂವಿನ ಮೇಲೆ ಅದಕ್ಕೆ ಗೆರೆಗಳು ಕಾಣಬಹುದು. ನಾಯಿಗೆ ನೀಲಿ ಹಳದಿ ಚೆನ್ನಾಗಿ ತಿಳಿಯುತ್ತವೆ, ಕೆಂಪು ಮಂಕು. ಹಸಿರು ಹುಲ್ಲಿನಲ್ಲಿ ಬಿದ್ದ ಕೆಂಪು ಚೆಂಡನ್ನು ಅದು ಹುಡುಕುವುದು ಹೆಚ್ಚಾಗಿ ಮೂಗಿನಿಂದ. ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ. ಎರೆಹುಳುವಿಗೆ ಕಣ್ಣಿಲ್ಲ, ಆದರೆ ಬೆಳಕು ಚರ್ಮಕ್ಕೆ ಗೊತ್ತಾಗುತ್ತದೆ. ಬಸವನಹುಳುವಿನ ಕಣ್ಣು ಉದ್ದ ಕೊಂಬಿನ ತುದಿಯಲ್ಲಿದೆ. ಈ ಒಂದೊಂದು ಸಂಗತಿಯೂ ಒಂದು ಕತೆಯ ಮೊದಲ ಸಾಲು. "ಚಿಟ್ಟೆ ಹೂವಿನ ಮೇಲೆ ನಿಂತಿತು. ಥೂ, ಕಹಿ ಎಂದು ಕಾಲು ಎತ್ತಿತು." ಇದನ್ನು ಓದಿದ ಮಗು ತಕ್ಷಣ ತನ್ನ ಕಾಲು ನೋಡಿಕೊಳ್ಳುತ್ತದೆ.

ನೀತಿಯ ಬಗ್ಗೆ ಎರಡೇ ಮಾತು. ಕೊನೆಯಲ್ಲಿ "ಆದ್ದರಿಂದ ಮಕ್ಕಳೇ, ಮರ ಕಡಿಯಬಾರದು" ಎಂದು ಬರೆಯಬೇಡಿ. ಮರ ಕಡಿಯುವವರು ಮಕ್ಕಳಲ್ಲ.

5. ತಪ್ಪು ಹುಡುಕುವುದು

ಕರಡು ಮುಗಿದ ಮೇಲೆ ಪ್ರಕೃತಿಯ ಪ್ರತಿ ಸಂಗತಿಯ ಅಡಿಗೆ ಗೆರೆ ಎಳೆಯಿರಿ. ಒಂದೊಂದನ್ನೂ ಎರಡು ಕಡೆ ಪರೀಕ್ಷಿಸಿ. ಮಕ್ಕಳ ಪುಸ್ತಕಗಳಲ್ಲಿ ನಾನು ಪದೇ ಪದೇ ನೋಡಿದ ತಪ್ಪುಗಳು ಕೆಲವಿವೆ.

ಜೇಡವನ್ನು ಕೀಟ ಎನ್ನುವುದು ಒಂದು. ಅದಕ್ಕೆ ಎಂಟು ಕಾಲು, ಕೀಟಕ್ಕೆ ಆರು. ಬಾವಲಿ ಕುರುಡು ಎನ್ನುವುದು ಇನ್ನೊಂದು. ಬಾವಲಿಗಳಿಗೆ ಕಣ್ಣು ಕಾಣುತ್ತದೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿಹಕ್ಕಿ ವಾಸನೆ ಹಿಡಿದು ತೊರೆಯುತ್ತದೆ ಎಂಬುದೂ ನಿಜವಲ್ಲ. ಹಾಗಂತ ಮರಿ ಮುಟ್ಟಿ ಅಂತಲ್ಲ. ಹಿಮಕರಡಿ, ಪೆಂಗ್ವಿನ್ ಗೆಳೆಯರಾಗುವ ಚಿತ್ರವಂತೂ ಎಲ್ಲೆಲ್ಲೂ ಇದೆ. ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ, ಪೆಂಗ್ವಿನ್‌ಗಳು ಹೆಚ್ಚುಕಡಿಮೆ ಎಲ್ಲವೂ ದಕ್ಷಿಣಾರ್ಧದಲ್ಲಿ. ರೇಷ್ಮೆಯ ಗೂಡು ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಪತಂಗದ ಹುಳು. ಚಿಟ್ಟೆಯ ಹುಳು ಚರ್ಮ ಕಳಚಿ ಗಟ್ಟಿ ಚಿಪ್ಪಿನಂಥ ಕೋಶವಾಗುತ್ತದೆ.

ಚಿತ್ರ ಬರೆಯುವವರಿಗೆ ಆಕಾಶದ ಟಿಪ್ಪಣಿಯೂ ಕೊಡಿ. ಚಂದ್ರನ ಕತ್ತಲೆ ಭಾಗದೊಳಗೆ ನಕ್ಷತ್ರ ಹೊಳೆಯಲಾರದು. ಅಲ್ಲಿರುವುದು ಖಾಲಿ ಜಾಗವಲ್ಲ, ಚಂದ್ರನೇ. ತೆಳು ಬಿದಿಗೆ ಚಂದ್ರ ಕಾಣುವುದು ಸಂಜೆ, ಪಶ್ಚಿಮದಲ್ಲಿ. ಅದನ್ನು ನಡುರಾತ್ರಿಯ ನೆತ್ತಿಗೆ ಏರಿಸಬೇಡಿ. ಹುಣ್ಣಿಮೆ ಚಂದ್ರ ಹೆಚ್ಚುಕಡಿಮೆ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುತ್ತಾನೆ. ಕಾಮನಬಿಲ್ಲು ನೋಡುವವರ ಬೆನ್ನಿಗೆ ಸೂರ್ಯ ಇರಬೇಕು. ಹೊರಗಿನ ಅಂಚಿನ ಬಣ್ಣ ಕೆಂಪು. ಸೂರ್ಯ ಸುಮಾರು 42 ಡಿಗ್ರಿಗಿಂತ ಮೇಲೇರಿದ್ದರೆ ನೆಲದ ಮೇಲೆ ನಿಂತವರಿಗೆ ಆಕಾಶದಲ್ಲಿ ಬಿಲ್ಲು ಕಾಣುವುದಿಲ್ಲ. ಹಾಗಾಗಿ ನೆತ್ತಿಯ ಮೇಲೆ ಸೂರ್ಯ, ಪಕ್ಕದಲ್ಲೇ ಕಾಮನಬಿಲ್ಲು ಎಂಬ ಚಿತ್ರ ನಡೆಯುವುದಿಲ್ಲ.

ಗುರುತು ಸಿಗದ ಜೀವಿಗೆ ಐನ್ಯಾಚುರಲಿಸ್ಟ್ ಎಂಬ ಜಾಲತಾಣ ಒಳ್ಳೆಯ ಸಾಧನ. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೂವರು ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು ಅದು. ಫೋಟೋ, ದಿನಾಂಕ, ಜಾಗ ಹಾಕಿದರೆ ಮೊದಲು ಕಂಪ್ಯೂಟರ್ ಒಂದು ಊಹೆ ಹೇಳುತ್ತದೆ. ಆಮೇಲೆ ಬಲ್ಲವರು ಬಂದು ತಿದ್ದುತ್ತಾರೆ. ಕಂಪ್ಯೂಟರಿನ ಊಹೆಯನ್ನೇ ಕತೆಗೆ ಹಾಕಿಬಿಡಬೇಡಿ, ಜನ ಒಪ್ಪುವವರೆಗೆ ಕಾಯಿರಿ. ಮನೆಯ ಹತ್ತಿರದ ಫೋಟೋ ಆದರೆ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ, ಬಳಸಿ. ಹಕ್ಕಿಗಳಿಗೆ ಇಬರ್ಡ್ ಎಂಬ ಜಾಲತಾಣ ಇದೆ, 2002ರಿಂದ ನಡೆಯುತ್ತಿದೆ. ಯಾವ ತಿಂಗಳಲ್ಲಿ ಯಾವ ಹಕ್ಕಿ ಎಲ್ಲಿ ಕಂಡಿದೆ ಎಂಬುದನ್ನು ನೋಡಬಹುದು. ಚಳಿಗಾಲಕ್ಕೆ ಮಾತ್ರ ಬರುವ ಹಕ್ಕಿಯನ್ನು ಬೇಸಿಗೆ ಕತೆಯಲ್ಲಿ ಕೂರಿಸುವ ತಪ್ಪು ಇದರಿಂದ ತಪ್ಪುತ್ತದೆ. ಕೂಗು ಕೇಳಿ ಹೆಸರು ಹೇಳಲು ಮರ್ಲಿನ್ ಎಂಬ ಆ್ಯಪ್ ಇದೆ. ಹಳೆಯ ಪುಸ್ತಕಗಳ ಗಿಡ, ಹುಳಗಳ ಸೊಗಸಾದ ಚಿತ್ರಗಳು ಬೇಕಾದರೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿಗೆ ಹೋದರೆ ಒಂದು ಮಧ್ಯಾಹ್ನ ಕಳೆದುಹೋಗುವುದು ಖಂಡಿತ, ಎಚ್ಚರಿಸಿದ್ದೇನೆ.

6. ಸುತ್ತಲಿನ ಜನ

ಆ್ಯಪಿಗಿಂತ ಮೊದಲು ಮನುಷ್ಯರನ್ನು ಕೇಳಿ. ತೋಟದ ಮಾಲಿ, ರೈತ, ಮೀನುಗಾರ, ಜೇನು ಸಾಕುವವರು, ಬೆಳಗ್ಗೆ ಬೈನಾಕ್ಯುಲರ್ ಹಿಡಿದು ಓಡಾಡುವ ಪಕ್ಷಿವೀಕ್ಷಕರು. ಇವರಲ್ಲಿರುವ ಕತೆ ಪುಸ್ತಕದಲ್ಲಿರುವುದಿಲ್ಲ. ದೊಡ್ಡ ಪ್ರಶ್ನೆ ಕೇಳಬೇಡಿ. "ಪ್ರಕೃತಿಯ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಎಂದರೆ ಯಾರಾದರೂ ಭಾಷಣವನ್ನೇ ಶುರುಮಾಡುತ್ತಾರೆ. "ಈ ಎಲೆ ಮೇಲೆ ಯಾಕೆ ಹೀಗೆ ತೂತು ಬಿದ್ದಿದೆ?" ಎಂದು ಕೇಳಿ. "ಇದನ್ನ ನಿಮ್ಮ ಕಡೆ ಏನಂತಾರೆ ಅಜ್ಜಿ?" ಎಂದು ಕೇಳಿ. ಹಿರಿಯರ ಬಾಯಲ್ಲಿ ಗಿಡಕ್ಕೆ, ಹುಳಕ್ಕೆ, ಮಳೆಯ ಬಗೆಗಳಿಗೆ ಇರುವ ಹೆಸರುಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಸೇರಿಸುತ್ತ ಹೋಗಿ. 'ಏರೋಪ್ಲೇನ್ ಚಿಟ್ಟೆ' ಎಂಬ ಹೆಸರು ಮಾಡುವ ಕೆಲಸವನ್ನು ಯಾವ ಶಾಸ್ತ್ರೀಯ ಹೆಸರೂ ಮಾಡದು. ಕತೆ ಮುಗಿದ ಮೇಲೆ ಅವರಿಗೇ ಮೊದಲು ಓದಿ ಹೇಳಿ. ಪುಸ್ತಕವಾದರೆ ಒಪ್ಪಿಗೆ ಪಡೆದು ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕಿ.

ಗ್ರಂಥಾಲಯದವರು ನಮ್ಮ ಅತಿ ದೊಡ್ಡ ಆಸ್ತಿ. ಅವರನ್ನು ನಾನು ಯಾವಾಗಲೂ ಕೇಳುವ ಪ್ರಶ್ನೆ ಒಂದೇ: "ಯಾವ ಮಕ್ಕಳ ಪುಸ್ತಕ ಹರಿದು ವಾಪಸ್ ಬರುತ್ತೆ?" ಹರಿದದ್ದು ಎಂದರೆ ಮತ್ತೆ ಮತ್ತೆ ಓದಿದ್ದು. ಬಹುಮಾನ ಬಂದ ಪುಸ್ತಕ ಎಷ್ಟೋ ಸಲ ಹೊಸದಾಗಿಯೇ ಕಪಾಟಿನಲ್ಲಿರುತ್ತದೆ! ಅಂಥ ಹರಿದ ಚಿತ್ರಪುಸ್ತಕಗಳನ್ನು ಹತ್ತು ಹದಿನೈದು ತಂದು ಪುಟ ಎಣಿಸಿ. ಹೆಚ್ಚಿನವು 32 ಪುಟ ಇರುತ್ತವೆ. ದೊಡ್ಡ ಹಾಳೆಯ ಮೇಲೆ ಮುದ್ರಿಸಿ ಮಡಚುವುದರಿಂದ ಪುಟಗಳು 8, 16ರ ಲೆಕ್ಕದಲ್ಲೇ ಬರುತ್ತವೆ. ಶೀರ್ಷಿಕೆ, ಕೃತಿಸ್ವಾಮ್ಯದ ಪುಟ ಇತ್ಯಾದಿ ಕಳೆದರೆ ಕತೆಗೆ ಉಳಿಯುವುದು 12ರಿಂದ 14 ಜೋಡಿಪುಟ. ಎಂಟು ಹಾಳೆ ಒಟ್ಟಿಗೆ ಮಡಚಿ ಹೊಲಿದರೆ 32 ಪುಟದ ಡಮ್ಮಿ, ಅಂದರೆ ಮಾದರಿ ಪುಸ್ತಕ, ಸಿದ್ಧ. ನಿಮ್ಮ ಕತೆಯನ್ನು ಅದರಲ್ಲಿ ಹಂಚಿ ನೋಡಿ. ಯಾವ ಪುಟದಲ್ಲಿ ಚಿತ್ರಕ್ಕೆ ಏನೂ ಕೆಲಸವಿಲ್ಲ ಎಂಬುದು ತಕ್ಷಣ ಕಾಣುತ್ತದೆ. ಕುತೂಹಲದ ಸಾಲು ಬಲಪುಟದ ಕೊನೆಗೆ ಬರಲಿ, ಉತ್ತರ ಪುಟ ತಿರುಗಿಸಿದ ಮೇಲೆ.

ಬರೆಯುವವರ ಗುಂಪೊಂದು ಬೇಕು. ನಾಲ್ಕರಿಂದ ಆರು ಜನ, ಎರಡು ವಾರಕ್ಕೊಮ್ಮೆ, ಒಬ್ಬರಿಗೆ 20 ನಿಮಿಷ. ಒಂದು ನಿಯಮ ತಪ್ಪದೆ ಪಾಲಿಸಿ: ನಿಮ್ಮ ಕತೆಯನ್ನು ಬೇರೆಯವರು ಓದಲಿ, ನೀವು ಬಾಯಿ ಮುಚ್ಚಿ ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಾಕ್ಯ ಕೆಟ್ಟಿದೆ. ನಾವೇ ಓದಿದರೆ ದನಿಯಲ್ಲಿ ಅದನ್ನು ಮುಚ್ಚಿಬಿಡುತ್ತೇವೆ. ಹೊಗಳಿಕೆ, ತಿದ್ದುಪಡಿ ಎರಡೂ ಬೇಡ. ಎಲ್ಲಿ ಗಮನ ಜಾರಿತು, ಎಲ್ಲಿ ಇನ್ನಷ್ಟು ಬೇಕೆನಿಸಿತು, ಇಷ್ಟು ಹೇಳಿದರೆ ಸಾಕು. ಎಲ್ಲರೂ ಒಬ್ಬರಿಗೊಬ್ಬರು "ಸೂಪರ್" ಎನ್ನುವ ಗುಂಪಿನಲ್ಲಿ ನಾನು ಒಂದು ವರ್ಷ ಇದ್ದೆ. ಕಾಫಿ ಚೆನ್ನಾಗಿತ್ತು.

ದೊಡ್ಡ ಬಳಗವೂ ಇದೆ. ಮಕ್ಕಳ ಪುಸ್ತಕಗಳ ಲೇಖಕರು, ಚಿತ್ರಕಾರರ ಅಂತರರಾಷ್ಟ್ರೀಯ ಸಂಘ ಎಸ್‌ಸಿಬಿಡಬ್ಲ್ಯುಐ 1971ರಿಂದ ಇದೆ, ಹಲವು ದೇಶಗಳಲ್ಲಿ ಶಾಖೆಗಳಿವೆ. ಮಕ್ಕಳ ಪುಸ್ತಕಗಳಿಗಾಗಿಯೇ ಇರುವ ಅಂತರರಾಷ್ಟ್ರೀಯ ಸಂಸ್ಥೆ ಐಬಿಬಿವೈ 1953ರದ್ದು. ಅದು ಏಪ್ರಿಲ್ 2ನ್ನು 1967ರಿಂದ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನವಾಗಿ ನಡೆಸುತ್ತಿದೆ. ಗ್ರಂಥಾಲಯದಲ್ಲಿ ಕತೆ ಹೇಳಲು ಅವಕಾಶ ಕೇಳುವುದಕ್ಕೆ ಅದು ಒಳ್ಳೆಯ ನೆಪ. ಪ್ರಥಮ್ ಬುಕ್ಸ್ ಪ್ರಕಾಶನ ಸಂಸ್ಥೆ 2015ರಲ್ಲಿ ಆರಂಭಿಸಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳ ಕತೆಗಳು ಉಚಿತವಾಗಿ ಓದಲು ಸಿಗುತ್ತವೆ. ನಾಲ್ಕು ಓದಿನ ಹಂತಗಳಲ್ಲಿ ಅವನ್ನು ಜೋಡಿಸಿದ್ದಾರೆ. ನಾಲ್ಕು ವರ್ಷದವರಿಗೆ ಎಷ್ಟು ಉದ್ದದ ವಾಕ್ಯ, ಎಂಟು ವರ್ಷದವರಿಗೆ ಎಷ್ಟು ಎಂದು ಕಲಿಯಲು ಇದಕ್ಕಿಂತ ಸುಲಭ ದಾರಿ ಕಾಣೆ. ನಿಮ್ಮ ಕತೆಯನ್ನೂ ಹಾಕಬಹುದು. ಆದರೆ ಅಲ್ಲಿನ ಮುಕ್ತ ಪರವಾನಗಿ ಓದಿಕೊಂಡು ಹಾಕಿ. ನಿಮ್ಮ ಹೆಸರು ಹೇಳಿ ಬೇರೆಯವರು ಆ ಕತೆಯನ್ನು ಅನುವಾದಿಸಬಹುದು, ಬದಲಿಸಬಹುದು, ಮಾರಲೂಬಹುದು. ನನಗದು ಸರಿ. ನಿಮಗೆ ಸರಿಯೇ ಎಂದು ಮೊದಲೇ ನೋಡಿಕೊಳ್ಳಿ.

7. ಮಕ್ಕಳ ಜೊತೆ ನಡಿಗೆ, ಕತೆಯ ಪರೀಕ್ಷೆ

ಎಂಟು ಹತ್ತು ಮಕ್ಕಳು, ಇಬ್ಬರು ದೊಡ್ಡವರು, 45 ನಿಮಿಷ. ದೂರ 200 ಮೀಟರ್ ಸಾಕು. ಮಕ್ಕಳು ನಡೆಯುವುದಿಲ್ಲ, ನಿಲ್ಲುತ್ತಾರೆ. ಹೆಸರುಗಳ ಪಾಠ ಮಾಡಬೇಡಿ. "ನಿನ್ನ ಉಗುರಿಗಿಂತ ಚಿಕ್ಕದು ಏನಾದರೂ ಹುಡುಕು" ಎನ್ನಿ. ಕಣ್ಣು ಮುಚ್ಚಿ ಕೇಳಿದ ಶಬ್ದಕ್ಕೊಂದು ಬೆರಳು ಮಡಚಲು ಹೇಳಿ. ಅವರು ಆಡುವ ಮಾತುಗಳನ್ನು ಹಾಗೇ ಬರೆದುಕೊಳ್ಳಿ. ಕಲ್ಲಿನ ಮೇಲಿನ ಹಾವಸೆ ಸವರಿ ಒಬ್ಬ ಹುಡುಗ "ಕಲ್ಲಿಗೆ ಗಡ್ಡ ಬಂದಿದೆ" ಅಂದ. ಹತ್ತು ವರ್ಷ ಬರೆದರೂ ನನಗೆ ಅದು ಹೊಳೆಯುತ್ತಿರಲಿಲ್ಲ. ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೋ, ಹೆಸರು ಎಲ್ಲೂ ಹಾಕಬೇಡಿ. ಅವರ ಮಾತನ್ನು ಕತೆಯಲ್ಲಿ ಬಳಸುವುದಾದರೂ ಕೇಳಿ ಬಳಸಿ.

ಬರೆದ ಕತೆಯನ್ನು ಪರೀಕ್ಷಿಸಲು ಒಂದು ಸೊಗಸಾದ ವಿಧಾನ ಇದೆ. 2007ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಮಾಂಟ್‌ಪೀಲಿಯರ್‌ನಲ್ಲಿ ಶುರುವಾದ ಆಲೋಚನೆ. ಪುಸ್ತಕದ ಪುಟಗಳನ್ನು ಕಾಲುದಾರಿಯ ಉದ್ದಕ್ಕೂ ಒಂದೊಂದಾಗಿ ನಿಲ್ಲಿಸುತ್ತಾರೆ. ಮಕ್ಕಳು ನಡೆಯುತ್ತ ಓದುತ್ತಾರೆ. ನಾನು ಇದನ್ನು ನನ್ನ ಕರಡಿಗೆ ಬಳಸಿಕೊಂಡೆ. 14 ಹಾಳೆ, ಪ್ರತಿ ಇಪ್ಪತ್ತು ಹೆಜ್ಜೆಗೊಂದು, ಮಗುವಿನ ಕಣ್ಣಿನ ಎತ್ತರಕ್ಕೆ. ಜಾಗ ನೋಡಿಕೊಳ್ಳುವವರ ಅನುಮತಿ ಪಡೆದೆ. ಮರಕ್ಕೆ ಮೊಳೆ ಹೊಡೆಯದೆ ದಾರ ಕಟ್ಟಿದೆ, ಮುಗಿದ ಮೇಲೆ ಎಲ್ಲ ಬಿಚ್ಚಿದೆ. ಆಮೇಲೆ ದೂರ ಕೂತು ನೋಡಿದೆ. ಐದನೇ ಹಾಳೆಯಿಂದ ಆರಕ್ಕೆ ಓಡಿದರು. ಒಂಬತ್ತನ್ನು ಓದದೆ ಹತ್ತಕ್ಕೆ ಹೋದರು. ಒಂಬತ್ತನೇ ಪುಟ ನನಗೆ ತುಂಬ ಇಷ್ಟವಾದ ವರ್ಣನೆ. ತೆಗೆದೆ.

ಓದಿ ಹೇಳಿದ ಮೇಲೆ "ಇಷ್ಟ ಆಯ್ತಾ?" ಎಂದು ಕೇಳಬೇಡಿ. ಮಕ್ಕಳು ಮರ್ಯಾದೆಗೆ ಹೂಂ ಅನ್ನುತ್ತಾರೆ. ನಡುವೆ ನಿಲ್ಲಿಸಿ "ಮುಂದೆ ಏನಾಗುತ್ತೆ?" ಎಂದು ಕೇಳಿ. ಉತ್ತರ ಹಲವು ಬಂದರೆ ಕತೆ ಬದುಕಿದೆ. ಒಂದೂ ಬರದಿದ್ದರೆ ಮನೆಗೆ ಹೋಗಿ ಮತ್ತೆ ಬರೆಯಿರಿ.

8. ಬರೆಯದ ದಿನ

ವಾರಕ್ಕೊಂದು ದಿನ ನೋಟ್‌ಬುಕ್ ಮನೆಯಲ್ಲಿ ಬಿಟ್ಟು ಸುಮ್ನೆ ಹೋಗಿ ಕೂರಿ. ಕಂಡದ್ದೆಲ್ಲ ಕತೆಗೆ ಸರಕು ಎಂದಾದರೆ ಮರವನ್ನು ನೋಡಿದಾಗಲೂ ಕೆಲಸದ ಲೆಕ್ಕವೇ ತಲೆಯಲ್ಲಿ ಓಡುತ್ತದೆ.

ಮಕ್ಕಳ ಪುಸ್ತಕಗಳ ಇಂಗ್ಲಿಷ್ ಲೇಖಕಿ ಬೀಟ್ರಿಕ್ಸ್ ಪಾಟರ್ ನೆನಪಾಗುತ್ತಾರೆ. ಅವರು ವರ್ಷಗಟ್ಟಲೆ ಅಣಬೆಗಳ ಚಿತ್ರ ಬರೆಯುತ್ತಿದ್ದರು. ಅದು ಯಾವ ಮಕ್ಕಳ ಪುಸ್ತಕಕ್ಕೂ ಅಲ್ಲ, ಅವರಿಗೇ ಅಣಬೆಯ ಹುಚ್ಚು. ಅದರ ಬಗ್ಗೆ ಅವರ ಪ್ರಬಂಧ 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ವಿಜ್ಞಾನ ಸಂಘಕ್ಕೆ ಹೋಯಿತು. ಹೆಂಗಸರಿಗೆ ಸಭೆಗೆ ಪ್ರವೇಶ ಇರಲಿಲ್ಲವಾದ್ದರಿಂದ ಬೇರೊಬ್ಬರು ಮಂಡಿಸಿದರು. ಇನ್ನು ಅವರ ಪ್ರಸಿದ್ಧ ಮೊಲದ ಕತೆ ಹುಟ್ಟಿದ್ದು 1893ರಲ್ಲಿ, ಹುಷಾರಿಲ್ಲದೆ ಮಲಗಿದ್ದ ಐದು ವರ್ಷದ ಹುಡುಗನಿಗೆ ಬರೆದ ಚಿತ್ರಪತ್ರವಾಗಿ. ಪ್ರಕಾಶಕರು ಬೇಡವೆಂದಾಗ 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಇದರಿಂದ ನಾನು ಎತ್ತಿಕೊಂಡ ಅಭ್ಯಾಸ ಒಂದು: ಕತೆ ಸಿಕ್ಕಿಹಾಕಿಕೊಂಡಾಗ ಅದನ್ನು ಕತೆ ಎಂದು ಬರೆಯದೆ, ಗೊತ್ತಿರುವ ಒಂದು ಮಗುವಿಗೆ ಕಾಗದ ಎಂದು ಬರೆಯುತ್ತೇನೆ. 'ಸುಂದರವಾದ ತೋಟ' ತಾನಾಗಿಯೇ ಉದುರುತ್ತದೆ. ಕಾಗದದಲ್ಲಿ ಯಾರೂ ಹಾಗೆ ಬರೆಯುವುದಿಲ್ಲವಲ್ಲ.

ಜೇನ್ನೊಣದ ಕತೆಯನ್ನೂ ಹಾಗೇ ತಿದ್ದಿದೆ. ಹೀರೋ ಹೋಗಿ ಹೀರೋಯಿನ್ ಬಂದಳು. ಆ ಹುಡುಗಿಯ ತಾತನನ್ನು ಕಂಡು ಎರಡು ಗಂಟೆ ಪೆಟ್ಟಿಗೆಗಳ ಪಕ್ಕ ಕೂತು ಬಂದೆ. ಮತ್ತೆ ಅದೇ ಗ್ರಂಥಾಲಯದಲ್ಲಿ ಓದಿದೆ. ಈ ಸಲ ಕತೆ ಮುಗಿಯುವವರೆಗೂ ಅವಳು ಕೈ ಎತ್ತಲಿಲ್ಲ. ಮುಗಿದ ಮೇಲೆ ಎತ್ತಿದಳು.

"ಹಾಗಾದ್ರೆ ಗಂಡು ಜೇನು ಏನ್ ಕೆಲಸ ಮಾಡುತ್ತೆ?"

ಅದು ಮಕರಂದ ತರುವುದಿಲ್ಲ, ಅದಕ್ಕೆ ಕೊಂಡಿಯೂ ಇಲ್ಲ. ಅದರ ಕೆಲಸ ಒಂದೇ, ರಾಣಿಯ ಜೊತೆ ಕೂಡುವುದು. ಕೂಡಿದ ಕೂಡಲೇ ಸಾಯುತ್ತದೆ. ಇದನ್ನು ಏಳು ವರ್ಷದವಳಿಗೆ ಹೇಗೆ ಹೇಳುವುದು ಎಂದು ತಾತನ ಕಡೆ ನೋಡಿದೆ. ಅವರು ಕಿಟಕಿಯಾಚೆ ಏನೋ ಇರುವಂತೆ ಬಹಳ ಗಮನವಿಟ್ಟು ನೋಡುತ್ತಿದ್ದರು.